ಥಾರ್ನ್‌ಬಿಯ ಹೊರೆಗಲ್ಲು

ಪುಳಿಯೋಗರೆಗೆ ಉಪ್ಪು ಸಾಕಾ ನೋಡಿ ಎಂದು ರಾಜಿ ಅವನ ಅಂಗೈಗೆ ಒಂದಿಷ್ಟು ಅನ್ನ ಹಾಕಿದಳು. "ಕರೆಕ್ಟಾಗಿದೆ," ಎಂದ ಶಿವರಾಮ. ಅವಳು ಸಮಾಧಾನದಿಂದ ಒಳಗೆ ಹೋದ ಮೇಲೆ ನೋಡಿಕೊಂಡರೆ ಅನ್ನ ಇನ್ನೂ ಅಂಗೈಯಲ್ಲೇ ಇತ್ತು. ಈಗ ಬಾಯಿಗೆ ಹಾಕಿಕೊಂಡು, ಉಪ್ಪು ಕಡಿಮೆಯೆಂದು ಗೊತ್ತಾದರೆ ಹೇಳಬೇಕಾಗುತ್ತದೆ. ಹೇಳಿದರೆ ಮೊದಲು ಕರೆಕ್ಟಾಗಿದೆ ಅಂದದ್ದು ಯಾಕೆ ಎಂಬ ಪ್ರಶ್ನೆ ಏಳುತ್ತದೆ. ಹಿಂಬಾಗಿಲು ತೆರೆದು ಹಿತ್ತಿಲ ಮರದ ಡೆಕ್ಕಿನ ಕಟ್ಟೆಯ ಮೇಲೆ ಅಳಿಲಿಗೆಂದು ಇಟ್ಟು ಕೈ ಒರೆಸಿಕೊಂಡ. ಅಳಿಲು ಬಂತು, ಮೂಸಿತು, ಹೊರಟುಹೋಯಿತು. ಅದಾದರೂ ಮೂಸಿ ನೋಡಿತಲ್ಲ ಎಂದುಕೊಂಡ. ಅವನ ಅಂಗಿಯ ಜೇಬಿನಲ್ಲಿ ನಾಲ್ಕಾಗಿ ಮಡಚಿದ ಒಂದು ಹಾಳೆಯಿತ್ತು. ಮಂಗಳವಾರದಿಂದ ಅದು ಅಂಗಿಯಿಂದ ಅಂಗಿಗೆ ಬದಲಾಗುತ್ತ ಅವನ ಜೊತೆಗೇ ಓಡಾಡುತ್ತಿತ್ತು. ಇವತ್ತು ಶನಿವಾರ, ಊರಿನ ವರ್ಷಕ್ಕೊಮ್ಮೆಯ ಹಬ್ಬ, ವಿಲೇಜ್ ಡೇ. ಹನ್ನೊಂದು ಗಂಟೆಗೆ ಮೈದಾನದ ಕೆಳತುದಿಯ ಕಲ್ಲಿಗೆ ಹೊಸದಾಗಿ ಹಾಕಿದ ಕಂಚಿನ ಫಲಕದ ಮೇಲಿನ ಬಟ್ಟೆಯನ್ನು ಊರಿನ ಚರಿತ್ರೆಕಾರನಾದ ಅವನೇ ಎಳೆಯಬೇಕು. ಆ ಫಲಕದಲ್ಲಿ ಕೆತ್ತಿದ್ದೆಲ್ಲ ಸುಳ್ಳು. ಅದು ಸುಳ್ಳೆಂದು ಈ ಊರಿನಲ್ಲಿ ಗೊತ್ತಿದ್ದದ್ದು ಅವನಿಗೆ, ರಾಜಿಗೆ ಮತ್ತು ಫಲಕ ಮಾಡಿಸಿಕೊಟ್ಟ ಬೋರ್ಡ್ ಅಂಗಡಿಯ ಫಜಲ್‌ಗೆ ಮಾತ್ರ.

ಥಾರ್ನ್‌ಬಿ ಹೆಸರಿಗೆ ವಿಲೇಜು. ಬಾಸ್ಕಿಂಗ್ ರಿಡ್ಜ್‌ನಿಂದ ಎಂಟು ನಿಮಿಷ, ಮಾರಿಸ್‌ಟೌನ್‌ನಿಂದ ಹದಿನೈದು. ಒಂದು ಹುಲ್ಲು ಮೈದಾನ, ಬಿಳಿ ಚರ್ಚು, ಲೈಬ್ರರಿ, ಪಿಜ್ಜಾ ಅಂಗಡಿ, ಬೆಳಗಿನ ರೈಲು ಹಿಡಿಯಲು ಓಡುವ ಜನ. ಮುನ್ನೂರು ವರ್ಷಗಳ ಹಿಂದೆ ಇಂಗ್ಲೆಂಡಿನಿಂದ ಬಂದ ಹನ್ನೊಂದು ಕುಟುಂಬಗಳು ತಾವು ಬಿಟ್ಟುಬಂದ ಹಳ್ಳಿಯ ಹೆಸರನ್ನೇ ಇಲ್ಲಿಯ ಕಾಡಿಗೆ ಇಟ್ಟು, ಅಲ್ಲಿದ್ದ ಹಾಗೆಯೇ ನಡುವೆ ಹುಲ್ಲು ಬಿಟ್ಟು ಸುತ್ತ ಮನೆ ಕಟ್ಟಿಕೊಂಡವಂತೆ. ಇದಕ್ಕೆ ದಾಖಲೆಯಿದೆ. ದಾಖಲೆಯ ವಿಷಯದಲ್ಲಿ ಶಿವರಾಮ ಸಾಮಾನ್ಯನಲ್ಲ. ಇಪ್ಪತ್ತೆಂಟು ವರ್ಷ ಔಷಧಿ ಕಂಪನಿಯೊಂದರ ಕ್ವಾಲಿಟಿ ವಿಭಾಗದಲ್ಲಿದ್ದವನು. ಬರೆದಿಡದ ಕೆಲಸ ನಡೆದೇ ಇಲ್ಲ ಎಂದು ಹುಡುಗರಿಗೆ ಪಾಠ ಹೇಳಿ ಹೇಳಿ, ಕೊನೆಗೆ ಮನೆಯ ಫ್ರಿಜ್ಜಿನಲ್ಲಿ ಹುಳಿಯ ಡಬ್ಬಿಗೂ ತಾರೀಖು ಅಂಟಿಸಿದವನು. ನಿವೃತ್ತನಾದ ತಿಂಗಳಿಗೇ ಊರಿನ ಚರಿತ್ರೆ ಸಂಘದ ಕಿರುಹೊತ್ತಗೆಯನ್ನು ಓದಿ ಹದಿನಾಲ್ಕು ತಪ್ಪು ಗುರುತಿಸಿ, ಕೆಂಪು ಪೆನ್ನಿನಲ್ಲಿ ಬರೆದು ಲೈಬ್ರರಿಗೆ ಕೊಟ್ಟು ಬಂದ. ಎರಡು ದಿನಕ್ಕೆ ಸಂಘದ ಅಧ್ಯಕ್ಷೆ ಮಾರ್ಜರಿಯ ಫೋನು ಬಂತು. ಆಗಲೇ ಎಂಬತ್ತರ ಹೊಸ್ತಿಲಲ್ಲಿದ್ದ ಆಕೆ ಬೈಯುತ್ತಾಳೆಂದು ಅವನು ಕ್ಷಮೆಯ ಮಾತುಗಳನ್ನು ಜೋಡಿಸಿಕೊಳ್ಳುತ್ತಿದ್ದರೆ, ಹದಿನೈದನೆಯ ತಪ್ಪೊಂದು ನಿನ್ನ ಕಣ್ಣು ತಪ್ಪಿದೆ, ಗುರುವಾರ ಬಾ, ತೋರಿಸುತ್ತೇನೆ ಎಂದಳು. ಅಲ್ಲಿಂದ ಪ್ರತಿ ಎರಡನೆಯ ಶನಿವಾರ ಜನರನ್ನು ಕರೆದುಕೊಂಡು ಊರು ಸುತ್ತಿಸಿ ಕಥೆ ಹೇಳುವ ಕೆಲಸ ಅವನಿಗೆ ಬಂತು. ಅಂಗಿಗೆ ಸಿಕ್ಕಿಸಿಕೊಳ್ಳಲು ಒಂದು ಬ್ಯಾಡ್ಜು ಕೊಟ್ಟರು. ಆ ಬ್ಯಾಡ್ಜನ್ನು ಅವನು ಎಷ್ಟು ಜೋಪಾನ ಮಾಡುತ್ತಿದ್ದನೆಂದರೆ ಒಮ್ಮೆ ಅದನ್ನು ತೆಗೆಯದೇ ಮಲಗಿಬಿಟ್ಟಿದ್ದನೆಂದು ರಾಜಿ ಕಂಡವರಿಗೆಲ್ಲ ಹೇಳಿಕೊಂಡು ನಗುತ್ತಿದ್ದಳು.

ಮೈನ್ ಸ್ಟ್ರೀಟ್ ಮುಚ್ಚಿದ್ದರಿಂದ ಕಾರನ್ನು ಸ್ಟೇಷನ್ನಿನ ಹತ್ತಿರವೇ ನಿಲ್ಲಿಸಬೇಕಾಯಿತು. ಅಲ್ಲಿಂದ ಮೈದಾನಕ್ಕೆ ಏರುದಾರಿ. ಎಪ್ಪತ್ತು ಜನಕ್ಕಾಗುವಷ್ಟು ಪುಳಿಯೋಗರೆ ತುಂಬಿದ ದೊಡ್ಡ ಸ್ಟೀಲ್ ಪಾತ್ರೆಯನ್ನು ಎದೆಗೆ ಅವಚಿಕೊಂಡು ಶಿವರಾಮ ಹತ್ತತೊಡಗಿದ. ಕಾಗದದ ತಟ್ಟೆಗಳ ಚೀಲ ಹಿಡಿದ ರಾಜಿ ಮುಂದೆ ಮುಂದೆ. ಒಗ್ಗರಣೆಯ ಇಂಗು, ಹುಣಿಸೆಹಣ್ಣಿನ ವಾಸನೆ ಪಾತ್ರೆಗೆ ಕಟ್ಟಿದ ಬಟ್ಟೆಯೊಳಗಿಂದ ಮೂಗಿಗೇ ಹೊಡೆಯುತ್ತಿತ್ತು. ಅಕ್ಟೋಬರಿನ ಬಿಸಿಲು ಹಿತವಾಗಿತ್ತು, ಮೇಪಲ್ ಮರಗಳು ಕೆಂಪಾಗಿದ್ದವು, ಎಲ್ಲರೂ 'ಗುಡ್ ಮಾರ್ನಿಂಗ್, ಶಿವ್' ಎನ್ನುವವರೇ. ಒಬ್ಬೊಬ್ಬರು ಹಾಗೆಂದಾಗಲೂ ಅವನ ಕೈ ಜೇಬು ಮುಟ್ಟಲು ಹೋಗಿ, ಪಾತ್ರೆ ಜಾರಿ, ಮತ್ತೆ ಪಾತ್ರೆಗೇ ಮರಳುತ್ತಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಕಥೆ ಕೇಳಿ ಚಿಕ್ಕಂದಿನಲ್ಲಿ ಅವನೂ ನಕ್ಕಿದ್ದ. ಇಲ್ಲಿ ಯಾರೂ ಕುಂಬಳಕಾಯಿಯ ಮಾತೇ ಎತ್ತಿರಲಿಲ್ಲ, ಗುಡ್ ಮಾರ್ನಿಂಗ್ ಎಂದಿದ್ದರು ಅಷ್ಟೆ. ಹಾಗೆ ನೋಡಿದರೆ ಅಂಗಡಿಗಳ ಮುಂದೆಲ್ಲ ರಾಶಿ ರಾಶಿ ಕುಂಬಳಕಾಯಿಗಳೇ ಇದ್ದವು.

ಆ ಸುಳ್ಳು ಹುಟ್ಟಿದ್ದು ನಾಲ್ಕು ವರ್ಷದ ಹಿಂದಿನ ಮೇ ತಿಂಗಳಲ್ಲಿ, ಕೊರೊನಾ ಸ್ವಲ್ಪ ಇಳಿದ ಮೇಲಿನ ಮೊದಲ ಸುತ್ತಾಟದಲ್ಲಿ. ಮಾಸ್ಕು ಹಾಕಿಕೊಂಡ ಇಪ್ಪತ್ತೆರಡು ಜನ. ಚರ್ಚಿನ ಗಂಟೆ, ಯಾವುದೋ ಜನರಲ್ ಒಂದು ರಾತ್ರಿ ತಂಗಿದ್ದನೆಂಬ ಮನೆ, ಮೊದಲ ಶಾಲೆ, ಎಲ್ಲ ತಾರೀಖು ಸಮೇತ ಒಪ್ಪಿಸಿ ಮೈದಾನದ ಕೆಳತುದಿಗೆ ಬಂದಾಗ ಹಳದಿ ರೇನ್‌ಕೋಟಿನ ಹುಡುಗಿಯೊಬ್ಬಳು ಕೈ ತೋರಿಸಿ, ಆ ಕಲ್ಲು ಯಾಕಿದೆ ಎಂದಳು. ಎರಡು ಕಲ್ಲುಗಳ ಮೇಲೆ ಅಡ್ಡ ಹಾಸಿದ ಉದ್ದನೆಯ ಚಪ್ಪಡಿ. ಇಳಿಜಾರಿನಲ್ಲಿ ಇದ್ದದ್ದರಿಂದ ಮೇಲಿನಿಂದ ನೋಡಿದರೆ ಮೊಣಕಾಲೆತ್ತರ, ಕೆಳಗಿನಿಂದ ಬಂದರೆ ಎದೆಯೆತ್ತರ. ಕೆಳಗಿನಿಂದ ಕೂರಲು ಎತ್ತರ, ಮೇಲಿನಿಂದ ಊಟಕ್ಕೆ ತಗ್ಗು. ಇಪ್ಪತ್ತೇಳು ವರ್ಷದಿಂದ ಅದರ ಪಕ್ಕದಲ್ಲೇ ಓಡಾಡಿದ್ದರೂ ಅವನು ಒಮ್ಮೆಯೂ ಯೋಚಿಸಿರಲಿಲ್ಲ. ಇಪ್ಪತ್ತೆರಡು ಜೊತೆ ಕಣ್ಣುಗಳು ಮಾಸ್ಕಿನ ಮೇಲಿನಿಂದ ಅವನನ್ನೇ ನೋಡುತ್ತಿದ್ದವು. ಗೊತ್ತಿಲ್ಲ ಎಂದರೆ ಮುಗಿಯುತ್ತಿತ್ತು. ಆದರೆ ಗೊತ್ತಿಲ್ಲ ಎಂಬ ಮಾತು ಅವನ ಕಡೆಯವರ ಬಾಯಿಗೆ ಬರುವುದಿಲ್ಲ. ಅವನೂರಿನಲ್ಲಿ ಯಾರನ್ನಾದರೂ ದಾರಿ ಕೇಳಿ, ಗೊತ್ತಿಲ್ಲ ಎಂದು ಮನುಷ್ಯರನ್ನು ಬರಿಗೈಲಿ ಕಳಿಸುವುದುಂಟೆ? ನೇರ ಹೋಗಿ ಎಡಕ್ಕೆ ತಿರುಗಿ ಎಂದು ಏನಾದರೊಂದು ಕೊಟ್ಟೇ ಕಳಿಸುತ್ತಾರೆ. ಅವನ ತಂದೆ ಒಮ್ಮೆ ಹೀಗೆ ಒಂದು ಮದುವೆ ದಿಬ್ಬಣವನ್ನೇ ಬೇರೆ ಊರಿಗೆ ಕಳಿಸಿದ್ದ, ಅವರು ಅಲ್ಲೂ ಊಟ ಮಾಡಿಕೊಂಡೇ ಬಂದಿದ್ದರು. ಶಿವರಾಮ ಬಾಯಿ ತೆರೆದ. ಬಾಯಿಗೆ ಬಂದದ್ದು ಬನ್ನೂರು ದಾರಿಯ ಕಲ್ಲು.

ಬನ್ನೂರು ಸಂತೆಗೆ ಹೋಗುವ ದಾರಿಯಲ್ಲಿ, ಅಜ್ಜಿಯ ಊರಿನಿಂದ ಒಂದೂವರೆ ಮೈಲಿಗೆ ಹೀಗೆಯೇ ಎರಡು ಕಂಬ, ಮೇಲೊಂದು ಚಪ್ಪಡಿ. ತಲೆಯ ಮೇಲೆ ಸೊಪ್ಪಿನ ಹೊರೆ, ಬೆಲ್ಲದ ಕುಕ್ಕೆ ಹೊತ್ತು ಬಂದವರು ಯಾರ ಸಹಾಯವೂ ಇಲ್ಲದೆ ಹಾಗೇ ಸ್ವಲ್ಪ ಬಗ್ಗಿ ಜಾರಿಸಿ ಇಳಿಸಬಹುದು. ಉಸಿರಾಡಿಸಿಕೊಂಡು, ಎಲೆ ಅಡಿಕೆ ಹಾಕಿಕೊಂಡು, ಮತ್ತೆ ಹೊರೆಯ ಕೆಳಗೆ ತಲೆ ಕೊಟ್ಟು ನಡೆಯಬಹುದು. ಅಜ್ಜಿಯ ಅಕ್ಕ ರುದ್ರಮ್ಮ ತುಂಬು ಬಸುರಿಯಾಗಿದ್ದಾಗ ತೀರಿಕೊಂಡಳಂತೆ. ಅವಳ ಹೊರೆ ಇಳಿಯಲಿಲ್ಲ, ದಾರಿಹೋಕರದ್ದಾದರೂ ಇಳಿಯಲಿ ಎಂದು ಅವಳ ಅಪ್ಪ ಗಾಡಿಯ ಮೇಲೆ ಚಪ್ಪಡಿ ತರಿಸಿ ನಿಲ್ಲಿಸಿದ ಕಲ್ಲು ಅದು. ಏಳು ವರ್ಷದ ಶಿವರಾಮ ಆ ಕಲ್ಲಿಗೆ ಒರಗಿಕೊಂಡು ಅಜ್ಜಿ ಕೊಟ್ಟ ಬೆಲ್ಲದ ಚೂರು ಚೀಪಿದ್ದ. ಅದನ್ನೆಲ್ಲ ಅವನು ಥಾರ್ನ್‌ಬಿಯ ಇಳಿಜಾರಿಗೆ ಎತ್ತಿ ತಂದ. ಸೊಪ್ಪು ಸೇಬುಹಣ್ಣಾಯಿತು, ಬನ್ನೂರು ಸಂತೆ ಮಾರಿಸ್‌ಟೌನಿನ ಸಂತೆಯಾಯಿತು, ರುದ್ರಮ್ಮ ರೂತ್ ಆದಳು. ಇಸವಿ ಬೇಕಲ್ಲ, ಸಾವಿರದ ಏಳುನೂರ ನಲವತ್ತು ಎಂದ. ಜೀವಮಾನದಲ್ಲೇ ಮೊದಲ ಸಲ ಒಂದು ತಾರೀಖನ್ನು ಗಾಳಿಯಿಂದ ಕಿತ್ತು ತೆಗೆದ. ಹಳದಿ ರೇನ್‌ಕೋಟಿನ ಹುಡುಗಿ ತನ್ನ ನೀರಿನ ಬಾಟಲಿಯನ್ನು ಮೆಲ್ಲಗೆ ಕಲ್ಲಿನ ಮೇಲಿಟ್ಟಳು.

ಮುಂದಿನದೆಲ್ಲ ಅವನ ಕೈಮೀರಿ ನಡೆಯಿತು. ಸಂಜೆಯ ರೈಲಿಳಿದು ಏರುದಾರಿ ಹತ್ತುವವರು ಲ್ಯಾಪ್‌ಟಾಪಿನ ಚೀಲವನ್ನು ಒಂದು ನಿಮಿಷ ಆ ಕಲ್ಲಿನ ಮೇಲಿಟ್ಟು ನಿಲ್ಲತೊಡಗಿದರು. ಶಾಲೆಯ ಕೊನೆಯ ದಿನ ಮಕ್ಕಳು ಬ್ಯಾಗುಗಳನ್ನು ಅದರ ಮೇಲೆ ಗುಡ್ಡೆ ಹಾಕಿ ಕೂಗುವುದು ರೂಢಿಯಾಯಿತು. ಹೊಸದಾಗಿ ಮನೆ ಕೊಂಡವರು ಮೊದಲ ಪೆಟ್ಟಿಗೆಯನ್ನು ಅಲ್ಲಿ ಮುಟ್ಟಿಸಿಯೇ ಒಳಗೊಯ್ಯುವರು. ಪಕ್ಕದ ಬೀದಿಯ ಕ್ಯಾರೊಲ್‌ಗೆ ಎದೆಯ ಕ್ಯಾನ್ಸರ್ ಆಗಿ ಕೊನೆಯ ಕೀಮೋ ಮುಗಿದ ದಿನ, ಏಳು ತಿಂಗಳು ಆಸ್ಪತ್ರೆಗೆ ಒಯ್ಯುತ್ತಿದ್ದ ಚೀಲವನ್ನು ಗಂಡನ ಕೈಯಿಂದ ಕಿತ್ತುಕೊಂಡು ತಂದು ಅದರ ಮೇಲಿಟ್ಟು, ಪಕ್ಕದಲ್ಲಿ ನಿಂತು ಅರ್ಧ ಗಂಟೆ ಅತ್ತಳು. ಶಿವರಾಮ ಅದನ್ನು ಲೈಬ್ರರಿಯ ಕಿಟಕಿಯಿಂದ ನೋಡಿದ್ದ. ಅವತ್ತಿನಿಂದ ತಾನು ಮಾತ್ರ ಆ ಕಲ್ಲಿನ ಮೇಲೆ ಒಂದು ಕರ್ಚೀಫನ್ನೂ ಇಟ್ಟವನಲ್ಲ. ಆದರೂ ಎಲ್ಲೋ ಒಂದು ಕಡೆ ಒಂದು ಆಸೆ ಉಳಿದಿತ್ತು: ಯಾರು ಬಲ್ಲರು, ನಾನು ಹೇಳಿದ್ದೇ ನಿಜವಿರಬಹುದು, ಇಂಗ್ಲೆಂಡಿನವರೂ ಮನುಷ್ಯರೇ, ಅವರಿಗೂ ತಲೆ, ಕತ್ತು ಇತ್ತು. ಆ ಆಸೆ ಮಂಗಳವಾರ ಮಧ್ಯಾಹ್ನ ಲೈಬ್ರರಿಯ ನೆಲಮಾಳಿಗೆಯಲ್ಲಿ ಮುಗಿಯಿತು. ಅವನು ಫಲಕದ ಸಮಾರಂಭಕ್ಕೆ ಹಳೆಯ ಫೋಟೋ ಹುಡುಕುತ್ತಿದ್ದಾಗ ಸಂಘದ ಸಾವಿರದ ಒಂಬೈನೂರ ಅರವತ್ತೆರಡರ ಸಭೆಗಳ ನಡಾವಳಿ ಪುಸ್ತಕ ಕೈಗೆ ಬಂತು. ಅದರ ಒಂದು ಪುಟದ ನಕಲೇ ಜೇಬಿನಲ್ಲಿದ್ದದ್ದು.

"ರೀ, ಇಳಿಸ್ರೀ ಅದನ್ನ ಸ್ವಲ್ಪ, ಮುಖ ಎಲ್ಲಾ ಕೆಂಪಗಾಗಿದೆ," ಎಂದಳು ರಾಜಿ. ಅವರು ಕಲ್ಲಿನ ಹತ್ತಿರವೇ ಬಂದಿದ್ದರು, ಅದೂ ಕೆಳಗಿನಿಂದ, ಎದೆಯೆತ್ತರದ ಕಡೆಯಿಂದ. ಚಪ್ಪಡಿಯ ಅಂಚಿಗೆ ಹಾಕಿದ ಫಲಕದ ಮೇಲೆ ನೀಲಿ ಬಟ್ಟೆ. ಪಾತ್ರೆಯನ್ನು ಸುಮ್ಮನೆ ಮುಂದಕ್ಕೆ ತಳ್ಳಿದರೆ ಸಾಕಿತ್ತು.

"ಬೇಡ, ಪರವಾಗಿಲ್ಲ."

"ಎಲ್ಲರೂ ಇಡ್ತಾರೆ. ನೀವೇ ಹುಟ್ಟಿಸಿದ ಕಲ್ಲು, ನಿಮಗೇ ಬೇಡ್ವಾ?"

"ಮೆಲ್ಲಗೆ ಮಾತಾಡೇ."

"ಕನ್ನಡದಲ್ಲಿ ಮೆಲ್ಲಗೆ ಯಾಕ್ರೀ ಮಾತಾಡ್ಬೇಕು?" ಎಂದು ರಾಜಿ ನಕ್ಕಳು. ಈ ವಾರವೆಲ್ಲ ಅವಳ ಅಭಿಪ್ರಾಯ ಒಂದೇ: ಬಾಯಿ ಮುಚ್ಚಿಕೊಂಡಿರಿ, ಆ ಪುಸ್ತಕ ಇದ್ದಲ್ಲೇ ಇಡಿ, ಅರವತ್ತು ವರ್ಷ ಯಾರೂ ತೆಗೆಯದ್ದನ್ನು ಇನ್ನು ಅರವತ್ತು ವರ್ಷ ಯಾರೂ ತೆಗೆಯುವುದಿಲ್ಲ. ಜರ್ಸಿ ಸಿಟಿಯಲ್ಲಿರುವ ಮಗಳು ತಾರಿಣಿಗೆ ಶಿವರಾಮ ಫೋನು ಮಾಡಿ ತಾನು ಎಷ್ಟು ದೊಡ್ಡ ಇಕ್ಕಟ್ಟಿನಲ್ಲಿದ್ದೇನೆಂದು ಅರ್ಧ ಗಂಟೆ ವಿವರಿಸಿದರೆ ಅವಳು, "ಅಪ್ಪಾ, ಜಸ್ಟ್ ಟೆಲ್ ದೆಮ್. ನೋಬಡಿ ಕೇರ್ಸ್," ಎಂದಿದ್ದಳು. ಆ ಕೊನೆಯ ಮಾತು ಅವನಿಗೆ ಎಲ್ಲಕ್ಕಿಂತ ಹೆಚ್ಚು ಚುಚ್ಚಿತ್ತು. ಬುಧವಾರ ಫಜಲ್‌ನ ಅಂಗಡಿಗೂ ಹೋಗಿದ್ದ. ಮೈಸೂರಿನ ಮಂಡಿ ಮೊಹಲ್ಲಾದ ಫಜಲ್ ಕನ್ನಡಕ ಹಣೆಗೇರಿಸಿ ಹಾಳೆಯನ್ನು ಎರಡು ಸಲ ಓದಿ, "ಏನ್ ಸಾರ್ ನೀವು, ಇದು ಕಂಚು ಸಾರ್, ಪೆನ್ಸಿಲ್ ಬರಹ ಅಲ್ಲ ಅಳಿಸೋಕೆ," ಎಂದು, ಆಮೇಲೆ ಚಹ ತರಿಸಿ, "ಹೇಳ್ಬಿಡಿ ಸಾರ್. ನಿಮ್ಗೆ ಸುಳ್ಳು ಹೇಳೋಕೆ ಬರಲ್ಲ. ಮುಖ ನೋಡಿದ್ರೆ ಗೊತ್ತಾಗತ್ತೆ, ಜ್ವರ ಬಂದೋರ ಥರ ಇದೀರಿ," ಎಂದಿದ್ದ. ಉಗುಳಲೂ ಆಗದ, ನುಂಗಲೂ ಆಗದ ಬಿಸಿ ತುಪ್ಪ ಎನ್ನುತ್ತಾರಲ್ಲ, ಅದನ್ನು ಮಂಗಳವಾರದಿಂದ ಬಾಯಲ್ಲಿಟ್ಟುಕೊಂಡೇ ಶಿವರಾಮ ಓಡಾಡಿದ್ದ.

ಹೇಳಿದರೆ ಏನಾಗುತ್ತದೆಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಯಾರೂ ಬೈಯುವುದಿಲ್ಲ. ಇಲ್ಲಿಯವರು ಬೈಯುವುದಿಲ್ಲ, 'ಥ್ಯಾಂಕ್ ಯೂ ಫಾರ್ ಶೇರಿಂಗ್' ಎನ್ನುತ್ತಾರೆ. ಮುಂದಿನ ತಿಂಗಳು ಸುತ್ತಾಟಕ್ಕೆ ಬೇರೆ ಯಾರೋ ಬರುತ್ತಾರೆ, ಬ್ಯಾಡ್ಜು ಡ್ರಾಯರಿನಲ್ಲಿ ಉಳಿಯುತ್ತದೆ, ಅಷ್ಟೆ. ಮತ್ತೆ ಅವನು ತೊಂಬತ್ತನಾಲ್ಕರ ಶಿವರಾಮನಾಗುತ್ತಾನೆ. ಆ ವರ್ಷ, ಮನೆ ಕೊಂಡು ಹತ್ತು ದಿನಕ್ಕೆ, ಇದೇ ವಿಲೇಜ್ ಡೇಗೆ ಹೊಸ ಕೋಟು ಹಾಕಿಕೊಂಡು ಒಬ್ಬನೇ ಬಂದಿದ್ದ. ಯಾರನ್ನು ಮಾತಾಡಿಸುವುದೆಂದು ಗೊತ್ತಾಗದೆ ನಗುತ್ತ ನಿಂತಿದ್ದವನ ಕೈಗೆ ಚೆಲುವೆಯಾದ ಹೆಂಗಸೊಬ್ಬಳು ಒಂದು ಕಪ್ಪು ಕಸದ ಚೀಲ ಕೊಟ್ಟು, ಆ ಟೇಬಲ್ಲುಗಳಿಂದ ಶುರು ಮಾಡಿಬಿಡಿ ಎಂದಿದ್ದಳು. ನಾನು ಕಸದವನಲ್ಲ, ಈ ಊರಿನವನು ಎನ್ನಲು ಎರಡೇ ಕ್ಷಣ ಸಾಕಿತ್ತು. ಆ ಎರಡು ಕ್ಷಣ ಕಳೆದುಹೋದವು. ಆಮೇಲೆ ಹೇಳಿದರೆ ಅವಳಿಗೆ ನಾಚಿಕೆಯಾದೀತೆಂದು ಒಂದು ಗಂಟೆ ಕಸ ಹೆಕ್ಕಿದ. ಅದನ್ನೂ ಅಚ್ಚುಕಟ್ಟಾಗಿಯೇ ಹೆಕ್ಕಿದ, ಬಾಟಲಿ ಬೇರೆ, ಕಾಗದ ಬೇರೆ. ಆ ಹೆಂಗಸು ಕ್ಯಾರೊಲ್. ಮುಂದೆ ಪರಿಚಯವಾಗಿ, ಹಿಮ ಬಿದ್ದಾಗ ಅವಳ ಗಂಡನೂ ಇವನೂ ಕೂಡಿ ದಾರಿ ಬಿಡಿಸಿ, ಮೂವತ್ತೊಂದು ವರ್ಷ ಕಳೆದರೂ ಅದರ ಮಾತು ಒಮ್ಮೆಯೂ ಬರಲಿಲ್ಲ. ಅವಳಿಗೆ ನೆನಪಿಲ್ಲ ಎಂದು ಅವನಿಗೆ ಸಮಾಧಾನ. ನೆನಪಿಲ್ಲವಲ್ಲ ಎಂದು ಸ್ವಲ್ಪ ಸಿಟ್ಟು ಕೂಡ.

ಹನ್ನೊಂದಕ್ಕೆ ಇನ್ನೂರು ಜನ ಸೇರಿದ್ದರು. ಮಾರ್ಜರಿ ಕೈಗೋಲು ಊರಿಕೊಂಡು ಮೈಕಿನ ಮುಂದೆ ನಿಂತು ಸಭೆಯನ್ನು ಕ್ರಮಬದ್ಧವಾಗಿ ಆರಂಭಿಸಿದಳು. ಆಕೆ ಪಿಕ್ನಿಕ್ಕನ್ನೂ ಕ್ರಮಬದ್ಧವಾಗಿಯೇ ಆರಂಭಿಸುವವಳು. "ಈ ಊರಿನವರೇ ಮರೆತಿದ್ದ ಒಂದು ಕಲ್ಲನ್ನು ನಮಗೆ ಮರಳಿ ಕೊಟ್ಟವನು ನಮ್ಮ ಶಿವ್," ಎಂದಳು. ಜನ ಚಪ್ಪಾಳೆ ತಟ್ಟಿದರು. ಶಿವರಾಮ ಪಾತ್ರೆಯನ್ನು ಹಿಡಿದುಕೊಂಡೇ ಮೈಕಿನ ಹತ್ತಿರ ಹೋದ. ಅದನ್ನು ಎಲ್ಲಿಡುವುದೆಂದು ತಿಳಿಯದೆ, ಇಡಲು ಕಲ್ಲೊಂದೇ ಕಂಡು, ಕೊನೆಗೆ ರಾಜಿಯ ಕಡೆ ನೋಡಿದರೆ ಅವಳು ತಟ್ಟೆಗಳನ್ನು ಎಣಿಸುವವಳಂತೆ ತಲೆ ತಗ್ಗಿಸಿದ್ದಳು. ಅವನು ಹೇಳಿಯೇಬಿಡುತ್ತಾನೆಂದು ಅವಳಿಗೆ ಗೊತ್ತಾಗಿಹೋಗಿತ್ತು. ಮೂವತ್ತೈದು ವರ್ಷದ ಸಂಸಾರ.

"ಬಟ್ಟೆ ತೆಗೆಯುವ ಮೊದಲು ಒಂದು ಮಾತಿದೆ," ಎಂದ ಅವನು ಇಂಗ್ಲಿಷಿನಲ್ಲಿ. ದನಿ ತನ್ನದಲ್ಲವೆಂಬಂತೆ ಮೈದಾನದಾಚೆಯ ಸ್ಪೀಕರಿನಿಂದ ಬಂತು. "ಈ ಫಲಕ ಸುಳ್ಳು. ಇದು ಹೊರೆ ಇಳಿಸುವ ಕಲ್ಲಲ್ಲ. ರೂತ್ ಎಂಬುವಳು ಇಲ್ಲಿ ಇರಲಿಲ್ಲ. ನನಗೆ ಗೊತ್ತಿರಲಿಲ್ಲ, ಗೊತ್ತಿಲ್ಲ ಎನ್ನಲು ನಾಚಿಕೆಯಾಯಿತು, ನಮ್ಮೂರಿನ ದಾರಿಯಲ್ಲಿದ್ದ ಒಂದು ಕಲ್ಲಿನ ಕಥೆಯನ್ನು ನಿಮ್ಮ ಕಲ್ಲಿಗೆ ಹಾಕಿದೆ. ನೀವೆಲ್ಲ ನಂಬಿದಿರಿ. ನಾಲ್ಕು ವರ್ಷದಲ್ಲಿ ಯಾವಾಗ ಬೇಕಾದರೂ ಹೇಳಬಹುದಿತ್ತು, ಹೇಳಲಿಲ್ಲ. ಜೇಬಿನಲ್ಲಿ ದಾಖಲೆಯಿದೆ. ನನ್ನ ಕೈ ಖಾಲಿಯಿಲ್ಲ, ಯಾರಾದರೂ ತೆಗೆದುಕೊಳ್ಳಿ."

ಎಲ್ಲೋ ಒಂದು ನಾಯಿ ಎರಡು ಸಲ ಬೊಗಳಿತು. ಮಾರ್ಜರಿಯೇ ಬಂದು ಅವನ ಜೇಬಿಗೆ ಎರಡು ಬೆರಳು ಹಾಕಿ ಹಾಳೆ ತೆಗೆದಳು. ಕನ್ನಡಕ ಬದಲಿಸಿ, ಮೈಕಿಗೆ ಬಾಯಿ ಹಚ್ಚಿ ಓದಿದಳು: "ಹಳೆಯ ಅಂಚೆ ಕಚೇರಿ ಕೆಡವಿದಾಗ ಉಳಿದ ಮೆಟ್ಟಿಲುಗಲ್ಲನ್ನು ರಸ್ತೆ ರಿಪೇರಿಯವರು ಮೈದಾನದ ಕೆಳಗೆ ಎರಡು ಕಲ್ಲುಗಳ ಮೇಲೆ ಹಾಕಿ ಹೋಗಿದ್ದಾರೆ. ತೆಗೆಯಿರೆಂದು ಮೂರು ಪತ್ರ ಬರೆದಾಯಿತು. ಉತ್ತರವಿಲ್ಲ. ಅದನ್ನು ಬೆಂಚು ಎಂದು ಭಾವಿಸಿ ಸುಮ್ಮನಿರತಕ್ಕದ್ದೆಂದು ಸರ್ವಾನುಮತದಿಂದ ನಿರ್ಣಯಿಸಲಾಯಿತು." ಓದಿ ಮುಗಿಸಿ ಆಕೆ ತುಟಿ ಬಿಗಿಹಿಡಿದಳು. ಅದು ನಗು ತಡೆಯುವ ಬಿಗಿ ಎಂದು ಶಿವರಾಮನಿಗೆ ಅರ್ಥವಾಗುವಷ್ಟರಲ್ಲಿ ಹಿಂದಿನ ಸಾಲಿನಿಂದ ಯಾರೋ ಕಿಸಕ್ಕೆಂದರು. ಪಿಜ್ಜಾ ಅಂಗಡಿಯವನು ಕೈಯೆತ್ತಿದ. ತನ್ನ ಬೋರ್ಡಿನಲ್ಲಿ ಸಾವಿರದ ಒಂಬೈನೂರ ಐವತ್ತೊಂದರಿಂದ ಎಂದಿದೆ, ನಿಜವಾಗಿ ಎಪ್ಪತ್ತೆಂಟು; ಐವತ್ತೊಂದು ತನ್ನ ಅಪ್ಪ ಹುಟ್ಟಿದ ವರ್ಷ ಎಂದ. ಚರ್ಚಿನ ಕಾರ್ಯದರ್ಶಿ, ಇಂಗ್ಲೆಂಡಿನಿಂದ ಬಂದದ್ದೆಂದು ಹೇಳುವ ಗಂಟೆ ಪಕ್ಕದ ಪೆನ್ಸಿಲ್ವೇನಿಯಾದ್ದು ಎಂದಳು. ಇದನ್ನು ಕೇಳಿ ಶಿವರಾಮನಿಗೆ ಆಘಾತವೇ ಆಯಿತು, ಗಂಟೆಯ ಬಗ್ಗೆ ಅವನು ಪ್ರತಿ ತಿಂಗಳೂ ಹೇಳುತ್ತಿದ್ದ. ಜನರಲ್ ತಂಗಿದ್ದ ಮನೆಯ ಈಗಿನ ಮಾಲಿಕ ಮಾತ್ರ ಆಕಾಶ ನೋಡುತ್ತ ನಿಂತಿದ್ದ.

ಆಗ ಕ್ಯಾರೊಲ್ ಎದ್ದು ನಿಂತಳು. ಕೂದಲು ಮತ್ತೆ ಬಂದಿತ್ತು, ಬೆಳ್ಳಗೆ, ಗುಂಗುರು ಗುಂಗುರಾಗಿ. ನಗು ನಿಂತಿತು. "ಹಾಗಾದರೆ ಶಿವ್, ನಾನು ನನ್ನ ಚೀಲ ಇಳಿಸಿದ್ದು ಯಾವುದರ ಮೇಲೆ?"

ಅವನು ಹೆದರಿದ್ದು ಈ ಪ್ರಶ್ನೆಗೆ. ನಾಲ್ಕು ವರ್ಷ ಹೆದರಿದ್ದು ಇದೊಂದಕ್ಕೇ. ಒಳಗೆಲ್ಲ ತಡಕಾಡಿದ, ನೇರ ಹೋಗಿ ಎಡಕ್ಕೆ ತಿರುಗಿ ಎನ್ನುವಂಥ ಒಂದು ಉತ್ತರವೂ ಸಿಗಲಿಲ್ಲ. ಜಾರುತ್ತಿದ್ದ ಪಾತ್ರೆಯನ್ನು ಮೇಲಕ್ಕೆ ಸರಿಸಿಕೊಂಡ. "ಗೊತ್ತಿಲ್ಲ," ಎಂದ.

ಕ್ಯಾರೊಲ್ ತಲೆಯಾಡಿಸಿದಳು. "ನನಗೂ ಗೊತ್ತಿಲ್ಲ. ಆದರೆ ಇಳಿಸಿದ್ದಂತೂ ನಿಜ," ಎಂದಳು. ಕೂರಲು ಹೋದವಳು ಮತ್ತೆ ನಿಂತಳು. "ಎಲ್ಲರೂ ಹೇಳುತ್ತಿದ್ದಾರೆ, ನನ್ನದೂ ಒಂದಿದೆ. ತೊಂಬತ್ತನಾಲ್ಕರಲ್ಲಿ ನಿನಗೆ ಕಸದ ಚೀಲ ಕೊಟ್ಟೆ. ಆ ಸಂಜೆ ನೀನು ನಿನ್ನ ಮನೆಯ ಬೀಗ ತೆಗೆಯುವುದನ್ನು ನೋಡಿ ನಾಚಿಕೆಯಿಂದ ಭೂಮಿಗಿಳಿದುಹೋದೆ. ಕ್ಷಮೆ ಕೇಳಲೆಂದು ಸೇಬಿನ ಪೈ ಮಾಡಿದೆ. ತರಲು ಧೈರ್ಯ ಸಾಲಲಿಲ್ಲ, ನಾವೇ ತಿಂದುಬಿಟ್ಟೆವು. ಮೂವತ್ತೊಂದು ವರ್ಷ ಆಯಿತು, ಶಿವ್. ನೀನು ಮರೆತಿದ್ದೀಯ ಅಂದುಕೊಂಡಿದ್ದೆ."

ಶಿವರಾಮನ ಕಣ್ಣಲ್ಲಿ ನೀರು ಬಂತು. ಒರೆಸಿಕೊಳ್ಳಲು ಕೈಯಿರಲಿಲ್ಲ. "ಪೈ ಚೆನ್ನಾಗಿತ್ತೇ?" ಎಂದು ಕೇಳಿದ. "ತುಂಬಾ," ಎಂದಳು ಕ್ಯಾರೊಲ್. ಮೈದಾನವೆಲ್ಲ ನಕ್ಕಿತು. ರಾಜಿಗೆ ಈ ಕಸದ ಕಥೆ ಗೊತ್ತೇ ಇರಲಿಲ್ಲ. ತಟ್ಟೆಗಳ ಚೀಲ ಕೆಳಗಿಟ್ಟು ಗಂಡನ ಕಡೆ ನೋಡಿದ ನೋಟದಲ್ಲಿ ಮನೆಗೆ ಹೋದ ಮೇಲಿನ ವಿಚಾರಣೆ ಇತ್ತು.

ಮಾರ್ಜರಿ ಕೈಗೋಲಿನಿಂದ ನೆಲಕ್ಕೆ ಎರಡು ಬಾರಿ ಕುಟ್ಟಿದಳು. "ಸಭೆಯ ಮುಂದೆ ಒಂದು ಫಲಕವಿದೆ, ಅದರಲ್ಲಿ ತಪ್ಪಿದೆ. ತಪ್ಪನ್ನು ತಿದ್ದುವುದು ಈ ಸಂಘದ ಪದ್ಧತಿ, ಮುಚ್ಚುವುದಲ್ಲ." ನೀಲಿ ಬಟ್ಟೆಯನ್ನು ತಾನೇ ಎಳೆದುಹಾಕಿದಳು. ಕಂಚು ಬಿಸಿಲಿಗೆ ಹೊಳೆಯಿತು. ಸಾವಿರದ ಏಳುನೂರ ನಲವತ್ತರಿಂದ ಥಾರ್ನ್‌ಬಿಯ ಜನ ಈ ಕಲ್ಲಿನ ಮೇಲೆ ತಮ್ಮ ಹೊರೆ ಇಳಿಸುತ್ತ ಬಂದಿದ್ದಾರೆ, ರೂತ್ ಎಂಬುವಳ ನೆನಪಿಗೆ ಎಂದು ಅದರಲ್ಲಿ ಕೆತ್ತಿತ್ತು. "ಇದರಲ್ಲಿ ಜನ ಹೊರೆ ಇಳಿಸಿದ್ದು ನಿಜ, ನಾನು ಕಣ್ಣಾರೆ ಕಂಡಿದ್ದೇನೆ. ತಪ್ಪಿರುವುದು ಇಸವಿ ಒಂದು, ಹೆಸರು ಒಂದು. ಯಾವಾಗ ಹೇಳಿದೆ ನೀನು ಆ ಕಥೆ?" ಎಂದು ಅವನ ಕಡೆ ತಿರುಗಿದಳು.

"ಎರಡು ಸಾವಿರದ ಇಪ್ಪತ್ತೊಂದು, ಮೇ ತಿಂಗಳು, ಎರಡನೆಯ ಶನಿವಾರ," ಎಂದ ಶಿವರಾಮ. ತಾರೀಖು ಕೇಳಿದೊಡನೆ ಅವನ ಬೆನ್ನು ತನ್ನಷ್ಟಕ್ಕೆ ನೆಟ್ಟಗಾಯಿತು.

"ಆ ಇಸವಿ ಹಾಕಬೇಕೆಂದು ಸೂಚಿಸುತ್ತೇನೆ. ಅನುಮೋದಿಸುವವರು?" ಪಿಜ್ಜಾ ಅಂಗಡಿಯವನೂ ಕ್ಯಾರೊಲ್ ಗಂಡನೂ ಒಟ್ಟಿಗೇ ಕೈಯೆತ್ತಿದರು. ಆಮೇಲೆ ಇನ್ನೂರು ಕೈಗಳು. "ಮತ್ತೆ ಹೆಸರು? ನಿಮ್ಮೂರಿನ ಕಲ್ಲು ಯಾರದಾಗಿತ್ತು?"

ಅವನು ಹೇಳಿದ. ಈ ದೇಶದಲ್ಲಿ ಆ ಹೆಸರನ್ನು ಅವನು ಗಟ್ಟಿಯಾಗಿ ಹೇಳಿದ್ದು ಅದೇ ಮೊದಲು. ಅವಳು ಹೇಗೆ ಸತ್ತಳು ಎಂಬುದನ್ನೂ, ಅವಳ ಅಪ್ಪ ಯಾಕೆ ಕಲ್ಲು ನಿಲ್ಲಿಸಿದ ಎಂಬುದನ್ನೂ ಎರಡು ಮಾತಿನಲ್ಲಿ ಹೇಳಿದ. ಅಜ್ಜಿ ತನ್ನ ಅಕ್ಕನ ಮುಖವೇ ನೆನಪಿಲ್ಲ ಎನ್ನುತ್ತಿದ್ದಳು. ಮುಖ ನೆನಪಿಲ್ಲದವಳ ಹೆಸರು ಇಷ್ಟು ಜನರ ನಡುವೆ ನಿಂತಿತು. ಮಾರ್ಜರಿ ಅದನ್ನು ಬಾಯಲ್ಲಿ ಎರಡು ಸಲ ಹೊರಳಿಸಿ, ಮೂರನೆಯ ಸಲಕ್ಕೆ ಸುಮಾರಾಗಿ ಸರಿಯಾಗಿಯೇ, "ರುದ್ರಮ್ಮ," ಎಂದಳು. ಫಜಲ್ ಆಗಲೇ ಕಲ್ಲಿನ ಮುಂದೆ ಮಂಡಿಯೂರಿದ್ದ. ಅಂಗಡಿಯವನ ಜೇಬಿನಲ್ಲಿ ಟೇಪು, ಮಾರ್ಕರು ಇಲ್ಲದಿರುತ್ತದೆಯೇ. ಇಸವಿಯ ಮೇಲೊಂದು, ಹೆಸರಿನ ಮೇಲೊಂದು ಬಿಳಿ ಟೇಪು ಅಂಟಿಸಿ ತನ್ನ ಚೆಂದದ ಅಕ್ಷರದಲ್ಲಿ ಬರೆದ. "ಸದ್ಯಕ್ಕೆ ಇದು ಸಾರ್. ಬೇರೆ ಎರಕ ಹೊಯ್ಸೋಣ. ಈ ಸಲ ಮಾತ್ರ ಪ್ರೂಫ್ ನೋಡಿ ಸೈನ್ ಮಾಡಿ," ಎಂದು ಕಣ್ಣು ಹೊಡೆದ.

"ಈಗಾದ್ರೂ ಇಳಿಸ್ರೀ," ಎಂದಳು ರಾಜಿ.

ಶಿವರಾಮ ಸುತ್ತಿಕೊಂಡು ಕೆಳಗಿನ ಕಡೆಯಿಂದ ಕಲ್ಲಿಗೆ ಬಂದ. ಇಳಿಸಲು ಜಾಗವಿರಲಿಲ್ಲ. ಮಾತಿನ ನಡುವೆ ಯಾವಾಗಲೋ ಜನ ತಮ್ಮ ತಮ್ಮದನ್ನೆಲ್ಲ ಅದರ ಮೇಲೆ ಪೇರಿಸಿದ್ದರು: ಪಿಜ್ಜಾ ಡಬ್ಬಿಗಳು, ಕೂಸಿನ ಡೈಪರ್ ಚೀಲ, ಯಾರದೋ ಹೆಲ್ಮೆಟ್ಟು, ಎರಡು ಕುಂಬಳಕಾಯಿ. ಅವನು ಪಾತ್ರೆ ಹಿಡಿದು ಒಂದು ಕ್ಷಣ ನಿಂತ. ಮಾರ್ಜರಿ ಅದನ್ನು ನೋಡಿ, ಚಪ್ಪಡಿಯ ನಡುವೆ ಇಟ್ಟಿದ್ದ ತನ್ನ ಕೈಚೀಲವನ್ನು ಎತ್ತಿ ತೋಳಿಗೆ ಹಾಕಿಕೊಂಡು, ಕುಂಬಳಕಾಯಿಗಳನ್ನು ಅತ್ತ ಸರಿಸಿದಳು. ಅವನು ಸ್ವಲ್ಪ ಬಗ್ಗಿ ಪಾತ್ರೆಯನ್ನು ಜಾರಿಸಿದ. ಅಜ್ಜಿ ಹೇಳಿದ್ದ ಹಾಗೆ, ಯಾರ ಸಹಾಯವೂ ಬೇಕಾಗಲಿಲ್ಲ. ತೋಳುಗಳು ಹಗುರಾಗಿ ತಾವಾಗಿಯೇ ಮೇಲೇಳುತ್ತಿದ್ದವು. ರಾಜಿ ಪಾತ್ರೆಗೆ ಕಟ್ಟಿದ್ದ ಬಟ್ಟೆ ತೆಗೆದಳು, ಇಂಗಿನ ವಾಸನೆ ಮೈದಾನಕ್ಕೆ ಹರಡಿತು. ತಟ್ಟೆ ಹಿಡಿದು ಮೊದಲು ನಿಂತವಳು ಕ್ಯಾರೊಲ್.

"ಹೇಗಿದೆ ಇದು ಶಿವ್, ಚೆನ್ನಾಗಿದೆಯಾ?" ಎಂದು ಕೇಳಿದಳು.

"ಗೊತ್ತಿಲ್ಲ," ಎಂದ ಶಿವರಾಮ ಸಂತೋಷದಿಂದ, ಹೆಂಡತಿಯ ಮುಖ ನೋಡುತ್ತ. "ನಾನು ರುಚಿ ನೋಡಿಲ್ಲ."